ಅಕ್ಕುತಾಯಿಯ ಮಗಳು ಮಾತಾಡಿದಳು

ಅವ್ವಾ,

ಇವತ್ತು ಬ್ರಿಟನ್ ಸಂಸತ್ತಿನಲ್ಲಿ ನನ್ನ ಮೊದಲ ಭಾಷಣ ಮಾಡಿದೆ. ನರ್ಸ್ ಆಗಿ ಇಲ್ಲಿಗೆ ಬಂದವಳು ಎರಡು ಚುನಾವಣೆ ಸೋತು, ಈ ಸಲ ಗೆದ್ದೆ.

ನೀನು ಕರೋಶಿ ಪಂಚಾಯ್ತಿಗೆ ಆರಿಸಿ ಬಂದಿದ್ದರೂ ಸಭೆಯಲ್ಲಿ ನಿನ್ನ ಕುರ್ಚಿಯಲ್ಲಿ ಅಪ್ಪ ಕೂತು ಮಾತಾಡುತ್ತಿದ್ದ. ನೀನು ಎಲ್ಲರಿಗೂ ಚಹಾ ಕೊಡುತ್ತಿದ್ದೆ. ಅದನ್ನೇ ಹೇಳಿ, "ನನ್ನ ತಾಯಿ ಅಕ್ಕುತಾಯಿಗೆ ಸಿಗದ ಮಾತಿನ ಅವಕಾಶ ಇಂದು ನನಗೆ ಸಿಕ್ಕಿದೆ" ಎಂದೆ. ಇಡೀ ಸಭೆ ಮೆಚ್ಚಿ ದನಿಗೂಡಿಸಿತು.

ನೀನು ತೀರಿಹೋದ ಮೇಲೆ ಊರಲ್ಲಿ ಒಬ್ಬನೇ ಇರುವ ಅಪ್ಪ ಅದನ್ನು ಮೊಬೈಲಿನಲ್ಲಿ ನೋಡಿ ಫೋನ್ ಮಾಡಿದ.

"ಸರೂ, ಮಂದಿ ಪೇಢೆ ಹಂಚಾಕತ್ತಾರ!"

"ಕುರ್ಚಿ ವಿಷಯ ಹೇಳಿದ್ದಕ್ಕ ಸಿಟ್ಟು ಬಂತೇನ ಅಪ್ಪಾ?"

"ಖರೇನ ಹೇಳಿದಿ. ಆಕಿಗೂ ನಾ ಒಮ್ಮೆ ಆ ಕುರ್ಚಿ ಬಿಟ್ಟುಕೊಡಬೇಕಿತ್ತು" ಎಂದ.

ಅವನ ಹಿಂದೆ ಅಂಗಳದಲ್ಲಿ ಹೆಂಗಸರು ಕೂಗುವುದು ಕೇಳಿಸಿತು: "ಅಕ್ಕುತಾಯಿ ಮಗಳಿಗೆ ಜೈ!"