ಬ್ಯಾಂಡು ಕಟ್ಟದೆ ಹೋಗುವ ಮಂಗಳವಾರ

ಹಾವೇರಿ
22 ಫೆಬ್ರುವರಿ 2026, ಭಾನುವಾರ

ಮುದ್ದು ಅಂಜಲಿ,

ನಿನ್ನ ಅವ್ವನ ಆಶೀರ್ವಾದಗಳು. ನೀನು ಕಾಗದ ಬರೆದು ಮೂರು ವಾರವಾಯಿತು, ಉತ್ತರವಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯ. ಬಚ್ಚಲಲ್ಲಿ ಜಾರಿ ಕೈಗೆ ಪೆಟ್ಟಾಯಿತು ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಅದು ಸುಳ್ಳು. ನಿಜವನ್ನು ಕಾಗದದಲ್ಲಿ ಹೇಳುವುದೇ ವಾಸಿ. ಫೋನಿನಲ್ಲಾದರೆ ನೀನು ಮಾತುಮಾತಿಗೂ ಅಡ್ಡ ವಾದ ಹಾಕುತ್ತೀಯ.

ರಾಣೇಬೆನ್ನೂರಿನಲ್ಲಿ ಸಿದ್ದಲಿಂಗಪ್ಪನವರ ಕೈಕೆಳಗೆ ಜೂನಿಯರ್ ವಕೀಲಳಾಗಿ ಸೇರಿದ್ದು ಒಳ್ಳೆಯದಾಯಿತು. ಸಿಡುಕು ಮನುಷ್ಯ, ಆದರೆ ಕೆಲಸ ಕಲಿಸುತ್ತಾರೆ. ಜಡ್ಜ್ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿದ್ದೀಯ. ಒಳಗೆ ಹೋಗುವಾಗ ತಲೆ ಬಾಗಿಸು. ಅವರು ಬರೆದುಕೊಳ್ಳುವಾಗ ಬಾಯಿ ತೆರೆಯಬೇಡ. ತಪ್ಪು ಹೇಳಿದರೂ "ತಪ್ಪು" ಎನ್ನಬೇಡ, "ತಮ್ಮ ಗಮನಕ್ಕೆ ತರುತ್ತೇನೆ" ಎನ್ನು. ಇದೆಲ್ಲ ಎಂಟು ದಿನದಲ್ಲಿ ಬರುತ್ತದೆ. ನಾನು ಇಪ್ಪತ್ತೇಳು ವರ್ಷ ಇದನ್ನೆಲ್ಲ ಚಾಚೂತಪ್ಪದೆ ಮಾಡಿದೆ. ಹಾಗೆ ಮಾಡುತ್ತಲೇ ಒಂದು ಹೆಣ್ಣಿನ ಸಾವಿಗೆ ದಾರಿ ಮಾಡಿಕೊಟ್ಟೆ.

ಹೋದ ವರ್ಷ ಜನವರಿಯಲ್ಲಿ ಯಲ್ಲೇಶ ಎಂಬವನ ಕೇಸು ಬಂತು. ಮೆಣಸಿನಕಾಯಿ ಚೀಲ ಸಾಗಿಸುವ ಟೆಂಪೋ ಡ್ರೈವರ್. ಅವನ ಹೆಂಡತಿ ದುರ್ಗಾ ಬ್ಯಾಡಗಿಯ ಒಂದು ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಸಾರು ಆರಿದೆ ಎಂಬ ನೆವಕ್ಕೆ ಅವಳನ್ನು ಒನಕೆಯಿಂದ ಬಡಿದು ಎಡಗೈ ಮುರಿದಿದ್ದ. ಅವಳು ಕೆಳಗೆ ಬಿದ್ದ ಮೇಲೂ ಮುರಿದ ಕೈಯನ್ನೇ ತುಳಿದಿದ್ದ. ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳಲು ನಾನು ಜೈಲಿಗೆ ಹೋದೆ.

ಸಹಿ ಹಾಕಿ ಪೆನ್ನು ಕೊಡುತ್ತ, "ಸುಮ್ನ ಕೇಳ್ತೇನ್ರಿ ಮೇಡಮ್ಮಾರ. ಒಬ್ಬಾವ ಹೆಂಡ್ತಿನ್ನ ಕೊಂದಾ ಅಂತ ತಿಳ್ಕೋರಿ, ಎಷ್ಟು ವರ್ಸ ಹಾಕ್ತಾರ?" ಎಂದ.

"ಬೇಕಂತ ಕೊಂದ್ರ ಜೀವಾವಧಿ. ಜಗಳದ ಭರಕ್ಕ, ತಡಕೊಳ್ಳಲಾರದ ಸಿಟ್ಟಿನ್ಯಾಗ ಕೊಂದ್ರ ಕಡಿಮಿ ಆಗಬಹುದು" ಎಂದೆ ನಾನು.

"ಮನಿಯಿಂದ ಕೊಡ್ಲಿ ಒಯ್ದಿದ್ರ?"

"ಒಯ್ದಿದ್ರ ಮೊದಲ ಯೋಚನಿ ಮಾಡ್ಯಾನ ಅಂತ ಆಗ್ತೈತಿ. ಅಲ್ಲೇ ಕೈಗೆ ಸಿಕ್ಕಿದ್ದರಿಂದ ಹೊಡದಿದ್ರ ಮಾತು ಬ್ಯಾರೆ."

ಕಾನೂನು ಕೇಳಿದರೆ ಸಾಕು, ಯಾರು ಕೇಳುತ್ತಿದ್ದಾನೆ, ಯಾಕೆ ಕೇಳುತ್ತಿದ್ದಾನೆ ಎಂದು ನೋಡದೆ ಬಾಯಿ ತಾನಾಗಿ ಹೇಳಿಬಿಡುತ್ತದೆ. ನಮ್ಮ ವಕೀಲರ ಜಾತಿಯ ಚಾಳಿ ಅದು. ಅವನು ತಲೆಯಾಡಿಸಿದ. "ಹೊರಗ ಬಂದ ಮ್ಯಾಲ ಆಕಿನ್ನ ಬಿಡಾಂಗಿಲ್ಲ. ಇದು ನಿಮ್ಮ ಹೊಟ್ಟಿಯೊಳಗ ಇರ್ಲಿರಿ" ಎಂದು ಹಲ್ಲು ಕಿಸಿದ. ಆದರೂ ಕಕ್ಷಿದಾರ ಹೇಳಿದ ಮಾತು ಹೊರಗೆ ಹೋಗಬಾರದು ಎಂದು ಫೈಲು ಕಟ್ಟಿಕೊಂಡು ಬಂದೆ.

ಜಾಮೀನು ಅರ್ಜಿಯ ದಿನ ಜಡ್ಜ್ ನೇರವಾಗಿ ಕೇಳಿದರು: "ಇವನು ಹೊರಗೆ ಬಂದರೆ ಹೆಂಡತಿ ಜೀವಕ್ಕೆ ಅಪಾಯ ಇಲ್ಲ ಅಂತೀರೇನು?" ನಾನು ತಲೆ ಬಾಗಿಸಿ, "ಇಲ್ಲ ಸ್ವಾಮಿ. ನನ್ನ ಕಕ್ಷಿದಾರ ಪಶ್ಚಾತ್ತಾಪ ಪಟ್ಟಿದ್ದಾನೆ" ಎಂದೆ. ಸುಮ್ಮನಿರಬಹುದಿತ್ತು, ಕೇಸನ್ನೇ ಬಿಡಬಹುದಿತ್ತು. ಎರಡನ್ನೂ ಮಾಡಲಿಲ್ಲ, ಸುಳ್ಳು ಹೇಳಿದೆ. ಹೆಂಡತಿಯ ಹತ್ತಿರ ಸುಳಿಯಬಾರದು ಎಂಬ ಷರತ್ತಿನ ಮೇಲೆ ಜಾಮೀನು ಸಿಕ್ಕಿತು.

ಹನ್ನೊಂದನೆಯ ದಿನ ಅವನು ಬ್ಯಾಡಗಿಯ ಆ ಗೋದಾಮಿಗೆ ಬರಿಗೈಯಲ್ಲಿ ಹೋದ. ಬಾಗಿಲಲ್ಲಿ ನಿಂತು, "ನೋಡ್ರಿ, ನನ್ನ ಹೆತ್ತವ್ವಗ ಬೈಯಾಕತ್ತಾಳ, ಎಲ್ಲಾರೂ ಕೇಳ್ರಿ!" ಎಂದು ಹತ್ತು ನಿಮಿಷ ಅರಚಿದ. ದುರ್ಗಾ ತುಟಿ ಬಿಚ್ಚಿರಲಿಲ್ಲ. ಆಮೇಲೆ ತಕ್ಕಡಿಯ ಪಕ್ಕದಲ್ಲಿದ್ದ ಐದು ಕಿಲೋ ಕಬ್ಬಿಣದ ತೂಕದ ಕಲ್ಲು ಎತ್ತಿ ಅವಳ ತಲೆಗೆ ಹೊಡೆದ. ಪಕ್ಕದಲ್ಲಿ ಕೂತಿದ್ದ ಉಚ್ಚಂಗೆವ್ವ ಅವನ ಕೂದಲು ಹಿಡಿದು ಹಿಂದಕ್ಕೆ ಎಳೆದಳು. ಅದೇ ಕಲ್ಲಿನಿಂದ ಅವಳ ಮುಂದಿನ ನಾಲ್ಕು ಹಲ್ಲು ಉದುರಿಸಿ, ತಿರುಗಿ ಬಂದು ದುರ್ಗಾಳನ್ನು ಮತ್ತೆ ಹೊಡೆದ. ತಲೆಬುರುಡೆ ಆರು ಕಡೆ ಒಡೆದಿತ್ತು ಎಂದು ಮರಣೋತ್ತರ ವರದಿಯಲ್ಲಿದೆ. ಅವಳಿಗೆ ಇಪ್ಪತ್ತಾರು ವರ್ಷ, ನಿನ್ನ ವಾರಿಗೆಯವಳು.

ಮತ್ತೆ ಜೈಲು ಸೇರಿದವನು ನನಗೇ ಹೇಳಿಕಳಿಸಿದ. ಹೋದೆ. "ನೀವು ಹೇಳಿದಾಂಗ ಮಾಡೇನ್ರಿ. ಏನೂ ಒಯ್ದಿರಲಿಲ್ಲ" ಎಂದ, ಪಾಠ ಒಪ್ಪಿಸಿದವನ ಹಾಗೆ. ನಾನು ಅವನ ಕೆನ್ನೆಗೆ ಬಾರಿಸಿದೆ, ಮಗಳೇ. ಒಂದಲ್ಲ. ಅವನ ತುಟಿ ಒಡೆದು ನನ್ನ ಬಿಳಿ ಸೀರೆಗೆ ರಕ್ತ ಸಿಡಿಯುವವರೆಗೆ ಹೊಡೆದೆ. ಕಾವಲಿನವರು ಇಬ್ಬರು ಬಂದು ನನ್ನನ್ನು ಎಳೆದರು. ಅವತ್ತು ನನ್ನ ಕೈಯಲ್ಲಿ ಕಲ್ಲು ಇದ್ದಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ವಕಾಲತ್ತು ವಾಪಸ್ ಪಡೆದು, ಜೈಲಿನಲ್ಲಿ ಅವನು ಮೊದಲ ಸಲ ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಪೊಲೀಸರಿಗೆ ಬರೆದುಕೊಟ್ಟೆ. ಮುಂದೆ ಮಾಡುವ ಅಪರಾಧಕ್ಕೆ ಸಲಹೆ ಕೇಳಿದ್ದನ್ನು ಮುಚ್ಚಿಡಬೇಕು ಎಂದು ಕಾನೂನು ಹೇಳುವುದಿಲ್ಲ, ಇದು ನನ್ನ ಓದು. ಹಿರಿಯ ವಕೀಲರಾದ ಇಸಾಕಸಾಬರು ಒಪ್ಪುವುದಿಲ್ಲ. "ಪುಷ್ಪಕ್ಕಾ, ನೀವು ಇವತ್ತ ಬಾಯಿ ಬಿಟ್ರ ನಾಳೆ ಯಾವ ಕಕ್ಷಿದಾರ ನಮ್ಮ ಮುಂದ ಖರೇ ಹೇಳ್ತಾನ್ರಿ? ಖರೇ ಹೇಳದಿದ್ರ ನಿರಪರಾಧಿನ್ನ ಹ್ಯಾಂಗ ಉಳಸೋದು?" ಎಂದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ನನ್ನ ವಕೀಲಿ ಸನ್ನದು ಹೋದರೂ ಹೋಗಬಹುದು.

ಇನ್ನು ಕೈಯ ಸಂಗತಿ. ಯಲ್ಲೇಶನ ಅಣ್ಣ ಮೈಲಾರೆಪ್ಪ ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯ ಮುಂದೆ, ನಡುಮಧ್ಯಾಹ್ನ, ಕಬ್ಬಿಣದ ರಾಡು ಬೀಸಿದ. ತಲೆಗೆ ಬೀಸಿದ್ದು, ಅಡ್ಡ ಹಿಡಿದ ಕೈಗೆ ಬಿತ್ತು. ಬಲಗೈಯ ಎರಡು ಬೆರಳು ಮುರಿದವು, ಈಗಷ್ಟೇ ಪೆನ್ನು ಹಿಡಿಯುವಂತಾಗಿದೆ. "ಕಟಕಟಿ ಹತ್ತಿದ್ರ ನಾಲಗಿ ಕೀಳ್ತೇನಿ" ಎಂದು ಎಲ್ಲರೆದುರು ಕೂಗಿದ. ಈಗ ಅವನೂ ಒಳಗಿದ್ದಾನೆ. ನಿಮ್ಮಪ್ಪ ದಿನಾ ಕೋರ್ಟಿನ ಗೇಟಿನವರೆಗೆ ಬಿಟ್ಟು ಹೋಗುತ್ತಾರೆ.

ನಾಡಿದ್ದು ಮಂಗಳವಾರ ನನ್ನ ಸಾಕ್ಷಿ. ವಕೀಲಳಾಗಿ ಹೋಗುತ್ತಿಲ್ಲವಾದ್ದರಿಂದ ಕರಿ ಕೋಟು ಹಾಕುವಂತಿಲ್ಲ, ಕೊರಳಿಗೆ ಬಿಳಿ ಬ್ಯಾಂಡು ಕಟ್ಟುವಂತಿಲ್ಲ. ಯಾವ ಸೀರೆ ಉಡಬೇಕು ಎಂದು ಬೆಳಗಿನಿಂದ ಬೀರು ತೆರೆಯುತ್ತಿದ್ದೇನೆ, ಮುಚ್ಚುತ್ತಿದ್ದೇನೆ. "ಕೊಲೆ ಮಾಡೋ ರೀತಿ ಕಲಿಸಿದವರು ನೀವೇ ಅಲ್ಲವೇ?" ಎಂದು ಯಲ್ಲೇಶನ ಹೊಸ ವಕೀಲರು ಕೇಳುತ್ತಾರೆ. ಹೌದು ಎನ್ನುತ್ತೇನೆ. ರಾಣೇಬೆನ್ನೂರಿನಲ್ಲೂ ಇದನ್ನೆತ್ತಿ ನಿನ್ನನ್ನು ಚುಚ್ಚುವವರಿರುತ್ತಾರೆ. ಅದಕ್ಕಾಗಿ ನಿನ್ನ ಕ್ಷಮೆ ಕೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿದ್ದಲಿಂಗಪ್ಪನವರು ಬೈದರೆ ಎದುರಾಡಬೇಡ. ನಿನಗೆ ಒಳ್ಳೆಯ ಹೆಸರು ಬರಲಿ, ನೆಮ್ಮದಿಯ ನಿದ್ದೆಯೂ ಇರಲಿ.

ಇಂತಿ ನಿನ್ನ ಅವ್ವ,
ಪುಷ್ಪಲತಾ

ತಾ.ಕ.: ಇದನ್ನು ಪೊಲೀಸರಿಗೂ ಹೇಳಿಲ್ಲ, ನಿಮ್ಮಪ್ಪನಿಗೂ ಹೇಳಿಲ್ಲ. ಜಾಮೀನು ಸಿಕ್ಕ ಮರುದಿನ ದುರ್ಗಾ ತನ್ನ ತಾಯಿ ಚೌಡವ್ವನನ್ನು ಕರೆದುಕೊಂಡು ನನ್ನ ಆಫೀಸಿಗೆ ಬಂದಿದ್ದಳು. "ನೀವು ಅವನ ವಕೀಲ್ರು ಅಂತ ಗೊತ್ತೈತ್ರಿ. ಅವಾ ಏನ್ ಹೇಳ್ಯಾನ ಅಂತ ನಾ ಕೇಳಂಗಿಲ್ಲ. ಒಂದ ಮಾತು ಹೇಳ್ರಿ, ನಾ ಬ್ಯಾಡಗ್ಯಾಗ ಕೆಲಸಕ್ಕ ಹೋಗ್ಲೋ, ಕುಪ್ಪೇಲೂರಿಗೆ ಅವ್ವನ ಮನಿಗೆ ಹೋಗ್ಲೋ?" ಎಂದಳು. ಎದುರು ಪಕ್ಷದವರೊಡನೆ ಕೇಸಿನ ಮಾತು ಆಡಬಾರದು ಎಂಬ ನಿಯಮ ನನಗೆ ಚೆನ್ನಾಗಿ ನೆನಪಿತ್ತು. "ಸರ್ಕಾರಿ ವಕೀಲರನ್ನ ಕೇಳ್ರಿ" ಎಂದು ಬಾಗಿಲು ತೋರಿಸಿದೆ. "ಆತ್ರಿ" ಎಂದು ಎದ್ದಳು. ಹೊಸ್ತಿಲು ದಾಟುವಾಗ ತಾಯಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಅಂಜಿಕಿ ಇದ್ದಿದ್ರ ಮೇಡಮ್ಮಾರು ಹೇಳತಿದ್ರು ಬಿಡಬೇ. ಅವರೂ ಹೆಣ್ಣಮಕ್ಕಳ ಅದಾರ." ಮರುದಿನದಿಂದ ಅವಳು ಕೆಲಸಕ್ಕೆ ಹೋದಳು.