ಒಳಗಿಳಿಯದ ಎಣ್ಣೆ

ಜನವರಿ 9, ಬೆಳಿಗ್ಗೆ

ಅಪ್ಪನಿಗೆ ಕಾಡ್ ಮೀನಿನ ಲಿವರ್ ಎಣ್ಣೆ, ಒಂದು ಚಮಚ. ಖಾಲಿ ಹೊಟ್ಟೆಗೆ, ಎಂದಿನಂತೆ. ಆಮೇಲೆ ಒಣ ರೊಟ್ಟಿ, ಹಾಲಿಲ್ಲದ ಕಾಫಿ. ಅಷ್ಟೇ. ಬೆಲ್ಟಿಗೆ ಇನ್ನೊಂದು ತೂತು ಕೊರೆದುಕೊಂಡಿದ್ದಾನೆ. ಪಕ್ಕದ ಮನೆಯ ಬೊರ್ಗ್‌ಹಿಲ್ಡ್ ನೋಡಿದಳು. "ಸೂರ್ಯ ಮುಖ ತೋರಿಸೋ ತನಕ ಎಲ್ಲರೂ ಹೀಗೇ. ಎರಡು ಚಮಚ ಕೊಡು." ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟದ ಈ ಉತ್ತರದ ಮೀನುಗಾರರ ದ್ವೀಪ, ಲೋಫೋಟೆನ್‌ನಲ್ಲಿ ಯಾವ ಕಾಯಿಲೆಗೂ ಇದೊಂದೇ ಮದ್ದು. ಕೊಟ್ಟೆ.

ಫೆಬ್ರವರಿ 2

ವರ್ಷಕ್ಕೊಮ್ಮೆ ಇಬ್ಬರೂ ಮಾಡಿಸುವ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಅಪ್ಪನ ವಿಟಮಿನ್ ಡಿ ನೆಲ ಕಚ್ಚಿದೆ. ಅದೇ ಬಾಟಲಿಯಿಂದ ಕುಡಿಯುವ ನನ್ನದು ಸರಿಯಿದೆ. ಡಾಕ್ಟರ್ ಹೇಳಿದ್ದು— ಪ್ರಾಯವಾದಂತೆ ಕರುಳು ಹೀರುವುದು ಕಡಿಮೆಯಾಗಬಹುದು, ಒಣ ರೊಟ್ಟಿಯ ಜೊತೆ ಎಣ್ಣೆ ಪೂರ್ತಿ ಮೈಗೆ ಹತ್ತುವುದಿಲ್ಲ, ಕೊಬ್ಬಿನ ಊಟದ ಜೊತೆ ಕೊಡಿ.

"ಬೆಣ್ಣೆ ಯಾವಾಗ ಬಿಟ್ರಿ?" ಡಾಕ್ಟರ್ ಕೇಳಿದರು.

"ಅದು ನನ್ನ ಬಿಟ್ಟಾಗ," ಎಂದ ಅಪ್ಪ.

ಬರೀ ಬೆಣ್ಣೆಯ ವಿಷಯ. ಮನಸ್ಸು ಎಷ್ಟು ಹಗುರವಾಯಿತು.

ಫೆಬ್ರವರಿ 6, ಸಂಜೆ

ಹೊಸ ಕಾಡ್ ಮೀನು ದೋಣಿಗಳ ದಕ್ಕೆಗೆ ಬಂದಿದೆ. ಮೀನು, ಮೀನಿನ ಮೊಟ್ಟೆ ಬೇಯಿಸಿ, ಮೇಲೆ ಬಿಸಿ ಲಿವರನ್ನು ಅದರ ಎಣ್ಣೆ ಸಮೇತ ಸುರಿದೆ. ಅಪ್ಪ ಮತ್ತೆ ಮತ್ತೆ ಬಡಿಸಿಕೊಂಡ. "ಲಿವರ್ ಬಿಟ್ಟವನಿಗೆ ನಮ್ಮ ದೋಣೀಲಿ ಜಾಗ ಇರಲಿಲ್ಲ," ಎಂದು ಊಟಕ್ಕೆ ಬಂದಿದ್ದ ಬೊರ್ಗ್‌ಹಿಲ್ಡಳ ತಟ್ಟೆಗೂ ಹೊಯ್ದ.

"ಸಾಕು ಮಾರಾಯ. ನಾನೇನು ದೀಪವಾ?"

ನಕ್ಕೆವು. ಈ ಸಲ ಒಳಗಿಳಿಯುತ್ತದೆ ಎಂದುಕೊಂಡೆ.

ಫೆಬ್ರವರಿ 7

ಅಪ್ಪ ಹೋಗಿಬಂದ ಮೇಲೆ ಕಮೋಡಿನ ನೀರಿನ ಮೇಲೆ ಎಣ್ಣೆ. ದಕ್ಕೆಯ ನೀರಿನ ಹಾಗೆ ಹಳದಿ, ಮಿರುಗು. ಕೇಳಿದೆ.

"ತುಂಬಾ ದಿನದಿಂದ ಹಾಗೇ."

"ಹೇಳೋದಲ್ವಾ ಅಪ್ಪ?"

"ಹೇಳಿದ್ರೆ ಎಣ್ಣೆ ನಿಲ್ಲಿಸ್ತಿದ್ದೆ ನೀನು."

ಮಾರ್ಚ್ 11

ಸ್ಕ್ಯಾನ್ ಆಯಿತು. ಮೇದೋಜೀರಕದಲ್ಲಿ ಗಡ್ಡೆ. ಎಣ್ಣೆಯನ್ನು ಒಡೆಯುವ ರಸ ಕರುಳಿಗೆ ಬರುತ್ತಲೇ ಇಲ್ಲ. ಪ್ರಾಯವಲ್ಲ. ಬೆಣ್ಣೆಯೂ ಅಲ್ಲ. ಆಪರೇಷನ್‌ಗೆ ತಡವಾಗಿದೆ. ಎಷ್ಟು ತಡ ಎಂದು ಕೇಳಲಿಲ್ಲ. ಬೇರೆ ಊರಿನವರಾಗಿದ್ದರೆ ಬೆಲ್ಟಿನ ಹೊಸ ತೂತು ನೋಡಿಯೇ ಡಾಕ್ಟರ ಬಳಿ ಓಡುತ್ತಿದ್ದರು. ನಾವು ಚಳಿಗಾಲವಿಡೀ ಚಮಚ ಹಿಡಿದು ಕೂತೆವು. ಓಡಿದ್ದರೆ ಉಳಿಯುತ್ತಿದ್ದನೇ? ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೂ ನನ್ನ ಸಮಾಧಾನಕ್ಕೇ ಇರಬೇಕು...

ಮಾರ್ಚ್ 15

ಊಟದ ಜೊತೆ ನುಂಗಲು ಕ್ಯಾಪ್ಸೂಲ್.

"ಏನಿದೆ ಇದರಲ್ಲಿ?"

"ಹಂದಿಯಿಂದ ತೆಗೆದ ರಸ."

"ನೋಡು ನನ್ನ ಗತಿ. ಮೀನು ಅರಗಿಸೋಕೆ ಹಂದಿ ಕಾಲು ಹಿಡೀಬೇಕು." ನುಂಗಿದ. ಇದರಿಂದ ಊಟ ಹತ್ತಬಹುದು, ಗಡ್ಡೆ ಕರಗುವುದಿಲ್ಲ ಎಂದು ಅವನಿಗೂ ಗೊತ್ತು.

ಏಪ್ರಿಲ್ 20, ಬೆಳಿಗ್ಗೆ

ಊಟ ನಿಂತು ವಾರವಾಯಿತು. ಎಣ್ಣೆ ಮಾತ್ರ ಕೇಳುತ್ತಾನೆ. ತುಟಿಗೆ ಸವರಿದೆ.

"ಇಳೀತಿದೆಯಾ?"

"ಇಳೀತಿದೆ ಅಪ್ಪ."

"ಸುಳ್ಳುಬುರ್ಕಿ," ಎಂದು ಮತ್ತೆ ಬಾಯಿ ತೆರೆದ.

ಚಮಚ ತುಂಬಿಸಿಕೊಂಡು ತಿರುಗುವಷ್ಟರಲ್ಲಿ ಉಸಿರಿರಲಿಲ್ಲ. ಬಾಯಿ ತೆರೆದೇ ಇದೆ. ಬೊರ್ಗ್‌ಹಿಲ್ಡ್ ಬರುವ ಮುಂಚೆ ಮುಚ್ಚಬೇಕು. ಚಮಚ ಇನ್ನೂ ತುಂಬಿದೆ. ಹಾಕಿ ಮುಚ್ಚಲೇ, ಅಥವಾ—