ಬಿರುಗಾಳಿಯಣ್ಣನ ಕಾರು

ಮಾರ್ಚ್ ೧೪, ಶನಿವಾರ

ಇವತ್ತು ಉಪವಾಸ. ಅಂಗಳ ಗುಡಿಸಿ, ಬಟ್ಟೆ ಒಗೆದು, ದೀಪ ಹಚ್ಚಿದರೂ ಮನಸ್ಸು ನಿಲ್ಲಲಿಲ್ಲ. ನಾಳೆ, ರೇಸಿನಲ್ಲಿ ಕಾರು ಓಡಿಸಿ ಊರವರ ಬಾಯಲ್ಲಿ ಬಿರುಗಾಳಿಯಣ್ಣ ಆಗಿದ್ದವನು ತೀರಿಕೊಂಡ ದಿನ. ಅವನು ಊರೊಳಗೆ ಓಡಿಸುತ್ತಿದ್ದ ಕಾರಿಗೂ ಇಂಜಿನ್ ಹದ ಮಾಡಿ ರೇಸು ಕಾರಿನ ವೇಗ ಕೊಟ್ಟ ಮೆಕ್ಯಾನಿಕ್ ನಮ್ಮ ಯಜಮಾನರೇ. ಅವನ ನೆನಪಿಗೆ ನಾಳೆ ಅದನ್ನು ಇವರೇ ಓಡಿಸಬೇಕಂತೆ. ಸದ್ದು ಕೇಳಿಯೇ ಇಂಜಿನ್ ಹದ ಮಾಡುತ್ತಿದ್ದವರಿಗೆ ಈಗ ಕಿವಿ ಮಂದ, ವೇಗದ ಚಟ ಮಾತ್ರ ಹಾಗೇ ಇದೆ.

ಸಂಜೆ ಶೆಡ್ಡಿನಲ್ಲಿ ಕಾರು ಚಾಲೂ ಮಾಡಿ, ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನನ್ನನ್ನು ಕರೆದರು. "ಸದ್ದು ಹೆಂಗಿದೆ ಹೇಳೇ."

ಚೆನ್ನಾಗಿಯೇ ಇತ್ತು. ನಾಳೆ ಇವರು ಓಡಿಸಲು ಹೋಗದಿರಲಿ ಎಂದು, "ಕರಕರ ಅಂತಿದೆ ಕಣ್ರೀ" ಎಂದುಬಿಟ್ಟೆ. ಉಪವಾಸದ ಬಾಯಲ್ಲಿ ಸುಳ್ಳು!

ಆಗಿನಿಂದ ಸರಿಯಿದ್ದ ಇಂಜಿನ್ನನ್ನೇ ಬಿಚ್ಚುತ್ತಿದ್ದಾರೆ. ಈಗ ನಿಜಕ್ಕೂ ಏನಾದರೂ ಸಡಿಲಾಗಿ ಉಳಿದರೆ? ದೇವರೇ, ನಾನು ಹೇಳಿದ್ದು ಸುಳ್ಳೆಂದು ತಿಳಿಸಲು ಮಗಳನ್ನು ಶೆಡ್ಡಿಗೆ ಕಳಿಸಿದ್ದೇನೆ. ಬೇಗ ಬಾರೇ ತಾಯಿ, ಬೈದಿದ್ದರೂ ಸರಿ, ಅಪ್ಪ ಏನಂದರೆಂದು ತಂದು ಹೇಳು.